ರಂಗೂನಿಗೆ ನಾಲ್ಕು ಬೆರಳು

ಮೊನ್ನೆ ನನ್ನ ಅಂಗಿಯ ಗುಂಡಿಯೊಂದು ಕಿತ್ತು ಕೈಗೆ ಬಂತು. ಮೊಮ್ಮಗಳು ಸೂಜಿ ಹಿಡಿದು ದಾರಕ್ಕಾಗಿ ಮನೆಯೆಲ್ಲ ಜಾಲಾಡಿದಳು. ಕೊನೆಗೆ ನಾನು ಅಡಿಕೆ ಚೂರು, ಸುಣ್ಣದ ಕಾಯಿ, ಒಂದೇ ಗಾಜಿನ ಕನ್ನಡಕ ಮುಂತಾದ ನನ್ನ ಆಸ್ತಿಪಾಸ್ತಿಯನ್ನೆಲ್ಲ ಇಟ್ಟುಕೊಂಡಿರುವ ಕಪ್ಪು ಅರಗಿನ ಡಬ್ಬಿಗೆ ಕೈ ಹಾಕಿ, ತಳದಿಂದ ಒಂದು ತುಂಡು ಕೆಂಪು ದಾರ ಎಳೆದಳು.

"ಅಜ್ಜಾ, ಇದು ಸಾಕಾಗ್ತೈತಿ ನೋಡು" ಎಂದಳು.

"ಏ, ಅದನ್ನ ಮುಟ್ಟಬ್ಯಾಡಬೇ!" ಎಂದು ನಾನು ಕೂಗಿದ ಅಬ್ಬರಕ್ಕೆ ಹುಡುಗಿ ಸೂಜಿಯನ್ನೇ ಕೆಳಗೆ ಬಿಟ್ಟಳು. ನಾಲ್ಕು ಬೆರಳು ಉದ್ದದ ದಾರ, ಬಣ್ಣ ಕೂಡ ಅರ್ಧ ಹೋಗಿದೆ. ಆದರೆ ಅದು ರಂಗೂನಿನಿಂದ ಹಿಂದೂಸ್ತಾನಕ್ಕೆ ಇರುವ ದೂರ. ಅಳೆದವನು ನಾನೇ. ಆ ಅಳತೆಯಿಂದ ಒಬ್ಬ ಜೀವಂತ ಮನುಷ್ಯನನ್ನು ನಾನು ಹೆಚ್ಚೂಕಡಿಮೆ ಸಾಯಿಸಿಯೇಬಿಟ್ಟಿದ್ದೆ. ಕೂತುಕೊಳ್ಳಿ, ಹೇಳುತ್ತೇನೆ. ಗುಂಡಿ ಹೇಗೂ ಇವತ್ತು ಕೂಡುವ ಹಾಗೆ ಕಾಣುವುದಿಲ್ಲ.

ನಿಜಾಮರ ಕಾಲ. ನಾನು ಮಸ್ಕಿಯವನು. ಲಿಂಗಸೂಗೂರಿನ ಶಾಲೆಯಲ್ಲಿ ಭೂಗೋಳದ ಮಾಸ್ತರಿಕೆ ಸಿಕ್ಕಿತ್ತು. ಆಗ ಅದನ್ನು ಭೂಗೋಳ ಎಂದು ಯಾರೂ ಅನ್ನುತ್ತಿರಲಿಲ್ಲ, ಜುಗ್ರಾಫಿಯಾ ಎನ್ನುತ್ತಿದ್ದರು. ಪಾಠ ಉರ್ದುವಿನಲ್ಲಿ, ಮಕ್ಕಳ ಮನೆಮಾತು ಕನ್ನಡ, ನನಗೆ ಎರಡೂ ಅಷ್ಟಕ್ಕಷ್ಟೆ. ಪುಸ್ತಕದಲ್ಲಿದ್ದ ಉರ್ದುವನ್ನು ಗಟ್ಟಿಯಾಗಿ ಓದಿ, ಮಕ್ಕಳು ಕಣ್ಣು ಕಣ್ಣು ಬಿಟ್ಟಾಗ ಕನ್ನಡಕ್ಕೆ ಇಳಿಸಿ, ಅಲ್ಲೂ ಅರ್ಥವಾಗದಿದ್ದರೆ ಕೋಲು ಎತ್ತುತ್ತಿದ್ದೆ. ಇಪ್ಪತ್ತೆರಡರ ವಯಸ್ಸು, ತಲೆಗೆ ರುಮಾಲು, ಕಂಕುಳಲ್ಲಿ ಸುತ್ತಿದ ನಕ್ಷೆ. ಪ್ರಪಂಚ ನನ್ನ ಕಂಕುಳಲ್ಲೇ ಇದೆ ಎಂಬ ನಡಿಗೆ ನಡೆಯುತ್ತಿದ್ದೆ. ಹಾಗೆ ನೋಡಿದರೆ ನಾನು ಕಂಡಿದ್ದ ಪ್ರಪಂಚ ಪೂರ್ವಕ್ಕೆ ಸಿಂಧನೂರು, ಪಶ್ಚಿಮಕ್ಕೆ ಲಿಂಗಸೂಗೂರು. ಒಂದು ಸಲ ರಾಯಚೂರಿಗೆ ಹೋಗಿದ್ದೆ, ಆದರೆ ಜ್ವರ ಬಂದು ಛತ್ರದಲ್ಲೇ ಮಲಗಿ ಬಂದೆ.

ಏಷ್ಯಾದ ಪಾಠಗಳಲ್ಲಿ ಬರ್ಮಾ ನನ್ನ ಅಚ್ಚುಮೆಚ್ಚು. ಏಕೆಂದರೆ ಅದರ ಪಾಠ ಚಿಕ್ಕದು. ಬೆಟ್ಟಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ನಿಂತಿವೆ, ಅವುಗಳ ನಡುವೆ ನದಿಗಳೂ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತವೆ, ವರ್ಷವಿಡೀ ಹಡಗು ಓಡುವ ಐರಾವತಿ ನದಿ ಸಮುದ್ರ ಸೇರುವ ಕಡೆ ಹರಡಿಕೊಂಡು ಮುಖಜ ಭೂಮಿಯಾಗಿದೆ, ಅಲ್ಲಿ ಅಪಾರ ಭತ್ತ ಬೆಳೆಯುತ್ತದೆ, ಬೆಟ್ಟದ ಮೇಲೆ ತೇಗ. ಇಷ್ಟೇ. ಐದು ವಾಕ್ಯ. ನಿದ್ದೆಗಣ್ಣಿನಲ್ಲಿ ಎಬ್ಬಿಸಿದರೂ ಒಪ್ಪಿಸುತ್ತಿದ್ದೆ. ಅದರ ಮೊದಲ ವಾಕ್ಯವನ್ನು ಬಾಯಿಯಿಂದ ಸಾವಿರ ಸಲ ಹೇಳಿದ್ದೆನೇ ಹೊರತು ತಲೆಯಿಂದ ಒಮ್ಮೆಯೂ ಹೇಳಿರಲಿಲ್ಲ.

ಮುಖಜ ಭೂಮಿ ಎಂದರೇನು ಎಂದು ತೋರಿಸಲು ಹೋಗಿ ಆದ ಫಜೀತಿಯನ್ನೂ ಹೇಳಿಬಿಡುತ್ತೇನೆ. ಬೇಸಿಗೆಯ ಒಂದು ಬೆಳಿಗ್ಗೆ ಮಕ್ಕಳನ್ನು ಶಾಲೆಯ ಹಿಂದಿನ ಬಯಲಿಗೆ ಕರೆದೊಯ್ದು, "ಈಗ ನದಿ ಹೆಂಗ ಹರಡ್ತೈತಿ ನೋಡ್ರಿ" ಎಂದು ಒಂದು ಕೊಡ ನೀರನ್ನು ನೆಲಕ್ಕೆ ಸುರಿದೆ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಮೊಳಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಐರಾವತಿ ನದಿ ಎರಡು ಮಾರು ಹರಿದು, ಗಟಗಟ ಸದ್ದು ಮಾಡುತ್ತ ಒಂದು ಬಿರುಕಿನಲ್ಲಿ ಇಳಿದು ಕಾಣೆಯಾಯಿತು. ಮಕ್ಕಳು ಬಹಳ ಹೊತ್ತು ಕಾದರು. ಕೊನೆಗೆ ಒಬ್ಬ, "ಸಮುದ್ರ ಯಾವಾಗ ಬರ್ತೈತ್ರಿ ಸರ್?" ಎಂದು ಕೇಳಿದ. ಅಷ್ಟರಲ್ಲಿ ಬಂದದ್ದು ಹೆಡ್ ಮಾಸ್ತರರು. ಕುಡಿಯುವ ನೀರು ಚೆಲ್ಲಿದ್ದಕ್ಕೆ ಎಲ್ಲರ ಮುಂದೆ ನನ್ನನ್ನು ಉಗಿದು ಉಪ್ಪು ಹಾಕಿದರು. ಆದರೂ ನನಗೆ ಬುದ್ಧಿ ಬರಲಿಲ್ಲ.

ಈಗ ನನ್ನ ಮಾವನ ವಿಷಯ. ಮಾವ ಎಂದರೆ ನಮ್ಮ ನೀಲಕ್ಕನ ಗಂಡ, ಬಸಣ್ಣ. ಊರು ಜವಳಗೇರಾ. ಸಿಂಧನೂರಿನ ಹತ್ತಿ ಜಿನ್ನಿಂಗಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಒತ್ತುವ ಕೆಲಸ. ಎತ್ತಿನಂಥ ಆಳು, ಕೂಸಿನಂಥ ಮನಸ್ಸು, ಅನ್ನ ಎಂದರೆ ಪ್ರಾಣ. ನಮ್ಮ ಕಡೆ ಆಗ ಅನ್ನ ಹಬ್ಬಕ್ಕೆ, ಇಲ್ಲವೇ ಜಡ್ಡಾದವರಿಗೆ. ಉಳಿದಂತೆ ಮೂರು ಹೊತ್ತೂ ಜೋಳದ ರೊಟ್ಟಿ. ಅನ್ನದ ಆಸೆಗೆ ಮಾವ ತಿಂಗಳಿಗೊಮ್ಮೆ ಜಡ್ಡಾಗುತ್ತಾನೆ ಎಂದು ಅಕ್ಕ ಚಾಷ್ಟಿ ಮಾಡುತ್ತಿದ್ದಳು.

ಒಂದು ದಿನ ಜಿನ್ನಿಂಗಿಗೆ ತೆಲುಗು ಸೀಮೆಯ ಮೇಸ್ತ್ರಿಯೊಬ್ಬ ಬಂದು, ರಂಗೂನಿನ ಅಕ್ಕಿ ಗಿರಣಿಗಳಿಗೆ ಆಳು ಬೇಕು ಎಂದನಂತೆ. ಮಾವ ನೆಟ್ಟಗೆ ನನ್ನ ಹತ್ತಿರ ಬಂದ.

"ಮಾಸ್ತರ, ಖರೇನ ಹೇಳು. ಅಲ್ಲಿ ದಿನಾ ಅನ್ನ ಉಣ್ತಾರಂತಲ್ಲ?"

ನನ್ನ ವಿಷಯದ ಬಗ್ಗೆ ತಾನಾಗಿ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವನು. ನಾನು ಉಬ್ಬಿಹೋದೆ. ನಕ್ಷೆ ಬಿಚ್ಚಿ ಐದೂ ವಾಕ್ಯ ಹೇಳಿದೆ. "ಭೂಮಿ ಬೇಕಾದಷ್ಟೈತಿ, ನೀರು ಬೇಕಾದಷ್ಟೈತಿ, ಮಂದಿನ ಸಾಲಂಗಿಲ್ಲ. ಅದಕ್ಕ ಹೊರಗಿನವರನ್ನ ಕರೀತಾರ. ಮುಂಜಾನಿ ಅನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ!" ಎಂದೆ. ರಾತ್ರಿ ಅನ್ನದ ಮಾತು ಪುಸ್ತಕದಲ್ಲಿ ಇರಲಿಲ್ಲ, ಭರದಲ್ಲಿ ಸೇರಿಸಿದ್ದು. ಮಾವ ಕಾಕಿನಾಡಕ್ಕೆ ಹೋಗಿ ಹಡಗು ಹತ್ತಿದ. ಎರಡು ವರ್ಷದಲ್ಲಿ ಬರುತ್ತೇನೆ ಎಂದು ಅಕ್ಕನನ್ನು ಮಸ್ಕಿಯಲ್ಲಿ ನಮ್ಮ ಮನೆಯಲ್ಲಿ ಬಿಟ್ಟುಹೋದ.

ಎರಡು ವರ್ಷ ತುಂಬುವ ಹೊತ್ತಿಗೆ ಯುದ್ಧ ಬಂತು. ಸಂಕ್ರಾಂತಿಯ ಸುಮಾರಿಗೆ ಸುದ್ದಿ ಬಂತು: ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದ್ದಾರೆ, ಹಡಗಿನಲ್ಲಿ ಜಾಗ ಸಿಗದವರು ನಡೆದುಕೊಂಡೇ ಹೊರಟಿದ್ದಾರೆ. ಗುರುವಾರ ಶಾಲೆ ಮುಗಿಸಿ, ನಿಜಾಮರ ಶಾಲೆಗಳ ಶುಕ್ರವಾರದ ರಜೆಗೆ ಮಸ್ಕಿಗೆ ಬಂದರೆ ಅಕ್ಕ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದಳು. ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಕೆಂಪು ದಾರದಿಂದ ಹೊಲಿಯುವ ಹೊದಿಕೆ. ತಲೆ ಎತ್ತಲಿಲ್ಲ.

"ತಮ್ಮಾ, ಎಷ್ಟು ದೂರ ಐತೋ ಅದು?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅಕ್ಕನ ಮುಖ ನೋಡಿ ಏನಾದರೂ ಹೇಳಲೇಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ನಾನು ಮಾಸ್ತರ. ನಕ್ಷೆ ಹಾಸಿ, ಅವಳ ಸೂಜಿಯ ದಾರವನ್ನೇ ತೆಗೆದುಕೊಂಡು ರಂಗೂನಿನ ಮೇಲೆ ಒಂದು ತುದಿ ಇಟ್ಟು, ಬಂಗಾಲದ ಅಂಚಿನ ಚಿತ್ತಗಾಂಗಿನ ಮೇಲೆ ಇನ್ನೊಂದು ತುದಿ ಇಟ್ಟು, ಹಲ್ಲಿನಿಂದ ಕಡಿದೆ.

"ಇಷ್ಟ ನೋಡಕ್ಕ. ನಾಕ ಬೆರಳು. ಮುಂದ ರೈಲು ಐತಿ."

"ನಡಿಯಾಕ ಎಷ್ಟು ದಿನ?"

ದಿನಕ್ಕೆ ಎಂಟು ಹರದಾರಿ. ಅದು ನಾನು ಲಿಂಗಸೂಗೂರಿನಿಂದ ಮಸ್ಕಿಗೆ ನಡೆಯುವ ಲೆಕ್ಕದ ಮೇಲೆ. "ಇಪ್ಪತ್ತೊಂದು ದಿನ" ಎಂದೆ.

"ನಡುವ ಇದೇನಿದು ಕಂದು ಬಣ್ಣ?"

"ಗುಡ್ಡ."

"ಮತ್ತ ಗುಡ್ಡ ದಾಟಬೇಕಲ್ಲೋ?"

ನಗಬೇಡಿ. ನನಗೆ ಗೊತ್ತಿದ್ದ ಗುಡ್ಡ ಮಸ್ಕಿಯ ಗುಡ್ಡ. ಈ ಕಡೆಯಿಂದ ಹತ್ತಿ ಮೇಲಿನ ಗುಡಿಯ ಮಲ್ಲಯ್ಯನಿಗೆ ಕೈ ಮುಗಿದು ಆ ಕಡೆ ಇಳಿದು ಬಂದರೆ ಕಟ್ಟಿಕೊಂಡ ರೊಟ್ಟಿ ಇನ್ನೂ ಮೆತ್ತಗೇ ಇರುತ್ತದೆ. "ಅದಕ್ಕೊಂದು ತಾಸು ಹಿಡಿ" ಎಂದೆ. ನದಿ? ನನಗೆ ಗೊತ್ತಿದ್ದ ನದಿ ಮಸ್ಕಿಯ ಹಳ್ಳ. ಬೇಸಿಗೆಯಲ್ಲಿ ಅದರ ಉಸುಕಿನಲ್ಲಿ ಗುಂಡಿ ತೋಡಿದರೆ ತಟಕು ನೀರು ಬರುತ್ತದೆ. "ಬ್ಯಾಸಿಗಿ ಬಂತಲ್ಲಕ್ಕ, ಐರಾವತಿ ಬತ್ತಿ ಉಸುಕಾಗಿರ್ತೈತಿ. ಮಾವ ನಡುವ ಕೂತು ಒರತಿ ತೋಡ್ಕೊಂಡು ನೀರು ಕುಡ್ದು ಬರ್ತಾನ. ಯುಗಾದಿ ಬೇವು-ಬೆಲ್ಲ ಇಲ್ಲೇ" ಎಂದೆ. ಪುಸ್ತಕದಲ್ಲಿ ಆ ನದಿಯಲ್ಲಿ ವರ್ಷವಿಡೀ ಹಡಗು ಓಡುತ್ತವೆ ಎಂದು ಬರೆದಿತ್ತು. ಅದನ್ನು ನಾನೇ ಮಕ್ಕಳಿಗೆ ಓದಿಸಿದ್ದೆ. ಆದರೂ ಬೇಸಿಗೆ ಎಂದ ಮೇಲೆ ಹಳ್ಳ ಬತ್ತಲೇಬೇಕು ಎಂಬುದು ನನ್ನ ರಕ್ತದಲ್ಲಿ ಇತ್ತು.

ಅಕ್ಕ ಆ ದಾರದ ತುಂಡನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಕ್ಕಳು ಕೂಡ. ನಾನು ದೊಡ್ಡ ಉಪಕಾರ ಮಾಡಿದವನಂತೆ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಯುಗಾದಿ ಬಂತು. ಅಕ್ಕ ಅರ್ಧ ಸೇರು ಅಕ್ಕಿ ಕೂಡಿಟ್ಟಿದ್ದಳು, ಮಾವ ಬರಲಿಲ್ಲ. ಹದಿನೈದು ದಿನ ಕೂಡಿಸಿ ಹೇಳಿದೆ. ಬರಲಿಲ್ಲ. ಬಸವ ಜಯಂತಿ ಎಂದೆ, ಕಾರಹುಣ್ಣಿಮೆ ಎಂದೆ. ಪ್ರತಿ ಸಲ ಅವಳು ನಂಬಿದಳು, ಪ್ರತಿ ಸಲ ನನ್ನ ದನಿ ಒಂದು ಮೆಟ್ಟಿಲು ಇಳಿಯಿತು. ಬರಬರುತ್ತ ಶುಕ್ರವಾರವೂ ಲಿಂಗಸೂಗೂರಿನಲ್ಲೇ ಕೆಲಸ ಇದೆ ಎಂದು ಸುಳ್ಳು ಹೇಳಿ ಉಳಿಯತೊಡಗಿದೆ.

ಶ್ರಾವಣದಲ್ಲಿ ಜವಳಗೇರಾದಿಂದ ಮಾವನ ಅಣ್ಣ ಶರಣಪ್ಪ ಬಂಡಿ ಕಟ್ಟಿಕೊಂಡು ಬಂದರು. ಜೊತೆಗೆ ಮಠದ ಅಯ್ಯನವರು. ನನ್ನನ್ನೂ ಕರೆಸಿದ್ದರು. ಮಧ್ಯಾಹ್ನ, ಪಡಸಾಲೆಯಲ್ಲಿ ಹಿರಿಯರು ಕಂಬಳಿಯ ಮೇಲೆ ಕೂತರು. ಅಕ್ಕ ಒಳಗೆ ಬಾಗಿಲ ಮರೆಯಲ್ಲಿ. ಅವಳ ಬಳೆ ಸಪ್ಪಳ ಮಾತ್ರ ಕೇಳುತ್ತಿತ್ತು.

ಶರಣಪ್ಪ ಕೆಟ್ಟ ಮನುಷ್ಯರಲ್ಲ. ಕಣ್ಣು ಒರೆಸಿಕೊಳ್ಳುತ್ತಲೇ ಮಾತಾಡಿದರು. "ನಮ್ಮ ತಮ್ಮ ಇಲ್ಲ ಅಂತ ನನ್ನ ಬಾಯಿಲೆ ಹೆಂಗ ಅನ್ಲಿ? ಆದ್ರ ಮಾಸ್ತರು ನಕ್ಷಾ ನೋಡಿ ಇಪ್ಪತ್ತೊಂದು ದಿನ ಅಂತ ಹೇಳ್ಯಾರ. ಏಳು ತಿಂಗಳಾತು. ಓದಿದವರ ಲೆಕ್ಕ ತಪ್ಪತೈತೇನ್ರಿ? ಅವನ ದಿನ ಮಾಡಿಬಿಡೂಣು. ಇಲ್ಲಾಂದ್ರ ಜೀವ ಅಲ್ಲೆಲ್ಲೋ ಅಡ್ಡಾಡ್ತೈತಿ. ನೀಲವ್ವನ ಬಳಿನೂ..." ಅಲ್ಲಿಗೆ ಅವರ ದನಿ ನಿಂತಿತು.

ಒಳಗೆ ಬಳೆ ಸಪ್ಪಳವೂ ನಿಂತಿತು. ಅಕ್ಕ ಒಂದು ಕೈಯಿಂದ ಇನ್ನೊಂದು ಕೈಯ ಬಳೆಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದು ಬಾಗಿಲ ಸಂದಿನಿಂದ ನನಗೆ ಕಂಡಿತು.

ಎಂಥ ತಮಾಷೆ ನೋಡಿ. ಅಕ್ಕನನ್ನು ಬಿಟ್ಟರೆ ನನ್ನ ಲೆಕ್ಕವನ್ನು ಯಾರಾದರೂ ಪೂರಾ ನಂಬಿದ್ದು ಅದೇ ಮೊದಲು. ಶಾಲೆಯಲ್ಲಿ ಹುಡುಗರು ನಂಬುತ್ತಿರಲಿಲ್ಲ, ಹೆಡ್ ಮಾಸ್ತರರಂತೂ ಮೊದಲೇ ಇಲ್ಲ. ನನ್ನ ವಿದ್ವತ್ತಿಗೆ ಇಡೀ ಸಿಂಧನೂರು ತಾಲೂಕಿನಲ್ಲಿ ಸಿಕ್ಕ ಒಬ್ಬನೇ ಅಭಿಮಾನಿ ಅದನ್ನು ಹಿಡಿದು ನನ್ನ ಅಕ್ಕನ ಬಳೆ ಒಡೆಯಲು ಬಂದಿದ್ದ. ಎದ್ದು ನಿಂತೆ.

"ಕಾಕಾರ, ಆ ಲೆಕ್ಕ ಸುಳ್ರಿ."

"ಏನಂದಿ?"

"ನನಗ ಜುಗ್ರಾಫಿಯಾ ಬರಂಗಿಲ್ಲರಿ."

ನಮ್ಮ ಅಪ್ಪ ತಲೆ ತಗ್ಗಿಸಿದರು. ಅಯ್ಯನವರು ಕಿವಿಗೆ ಕೈ ಹಚ್ಚಿ, "ಮತ್ತ ಸಾಲ್ಯಾಗ ಏನು ಕಲಸ್ತೀಪಾ?" ಎಂದು ಕೇಳಿದರು.

"ಪುಸ್ತಕ ಓದಿ ಹೇಳ್ತೀನ್ರಿ ಅಷ್ಟ. ಆ ಗುಡ್ಡ ನಾ ಕಂಡಿಲ್ಲ. ಆ ಹೊಳಿ ನಾ ಕಂಡಿಲ್ಲ. ತುಂಬಿದ ಹೊಳಿ ಅಂತ ಒಂದನ್ನೂ ಕಂಡಿಲ್ಲರಿ. ನಮ್ಮ ಗುಡ್ಡ ನೋಡಿ ಆ ಗುಡ್ಡ ಅಳದೆ, ನಮ್ಮ ಹಳ್ಳ ನೋಡಿ ಆ ಹೊಳಿ ಅಳದೆ. ಇಪ್ಪತ್ತೊಂದು ದಿನ ನಾನ ಹುಟ್ಟಿಸಿದ್ದು. ಎರಡು ನೂರು ದಿನ ಆಗಬಹುದು, ವರ್ಷ ಆಗಬಹುದು, ನನಗ ಗೊತ್ತಿಲ್ಲರಿ. ಗೊತ್ತಿಲ್ಲ!"

ಕೊನೆಯ ಮಾತು ಅಳುವಿನ ಜೊತೆ ಬಂತು. ನಾಚಿಕೆಯಾಯಿತು ಎಂದರೆ ಅದು ಬಹಳ ಸಣ್ಣ ಮಾತು. ನೆಲ ಬಿರಿದು ಆ ಐರಾವತಿಯ ಕೊಡದ ನೀರಿನ ಹಾಗೆ ನನ್ನನ್ನೂ ನುಂಗಬಾರದೇ ಅನ್ನಿಸಿತು. ಶ್ರಾವಣದ ಮಳೆ ಬಿದ್ದು ಬಿರುಕುಗಳೆಲ್ಲ ಮುಚ್ಚಿಕೊಂಡಿದ್ದವು.

ಅಯ್ಯನವರು ಗಡ್ಡ ಸವರಿಕೊಂಡರು. "ಲೆಕ್ಕಾನ ತಪ್ಪು ಅಂದಮ್ಯಾಲ ಬಸಣ್ಣ ಇಲ್ಲ ಅಂತ ನಾವ್ಯಾರು ಹೇಳಾಕ? ಶರಣಪ್ಪಾ, ದೀಪಾವಳಿತನಕ ಬಿಡು" ಎಂದರು. ಶರಣಪ್ಪ ನನ್ನನ್ನು ಮೇಲೆ ಕೆಳಗೆ ನೋಡಿ, "ನಿನ್ನಂಥಾವರ ಕೈಯಾಗ ಸಾಲಿ ಕೊಟ್ಟಾರಲ್ಲೋ" ಎಂದು ಬಂಡಿ ಹತ್ತಿದರು. ಆದರೆ ಅವರ ಮುಖ ಬಂದಾಗ ಇದ್ದದ್ದಕ್ಕಿಂತ ಹಗುರಾಗಿತ್ತು. ಸುದ್ದಿ ನನಗಿಂತ ಮೊದಲೇ ಸಂತೆಕಲ್ಲೂರು ದಾಟಿ ಲಿಂಗಸೂಗೂರು ಮುಟ್ಟಿತು. ಶನಿವಾರ ತರಗತಿಗೆ ಹೋದರೆ ಹಿಂದಿನ ಸಾಲಿನಿಂದ ಯಾವನೋ "ಇಪ್ಪತ್ತೊಂದು!" ಎಂದು ಕೂಗಿದ. ಆ ಹೆಸರು ನಾನು ಬೇರೆ ಊರಿಗೆ ವರ್ಗವಾಗುವವರೆಗೆ ಉಳಿಯಿತು.

ಸೀಗೆ ಹುಣ್ಣಿಮೆಯಾಗಿ ನಾಲ್ಕನೆಯ ದಿನ, ಶುಕ್ರವಾರ. ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ರಾಯಚೂರಿನ ಮೋಟಾರಿನಿಂದ ಇಳಿದ ಒಬ್ಬ ಮುದುಕ ನಮ್ಮ ಬಾಗಿಲಲ್ಲಿ ಬಂದು ನಿಂತ. ತಲೆಯಲ್ಲಿ ಕೂದಲಿಲ್ಲ, ಕಾಲೆಂದರೆ ಎರಡು ಒಣ ಕೋಲು. ಭಿಕ್ಷೆಯವನೆಂದು ನಾನು ಜೋಳ ಹಾಕಲು ಎದ್ದೆ. ಅಕ್ಕ ಮೊರ ಕೆಳಗಿಟ್ಟಳು. ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಳು.

"ಕಾಲು ತೊಳ್ಕೋರಿ" ಎಂದಳು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು.

ಯುಗಾದಿಯಿಂದ ಕೂಡಿಟ್ಟಿದ್ದ ಅಕ್ಕಿಯಿಂದ ಅಕ್ಕ ಅನ್ನ ಮಾಡಿ ಬಡಿಸಿದಳು. ಮಾವ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ನೀಲಾ, ರೊಟ್ಟಿ ಐತೇನು?" ಎಂದು ಕೇಳಿದ.

ಅವನಿಗೆ ಸ್ವಲ್ಪ ಮೈ ತುಂಬಿದ ಮೇಲೆ, ಒಂದು ಶುಕ್ರವಾರ, ಅಕ್ಕ ನನಗೆ ನಕ್ಷೆ ತರಲು ಹೇಳಿದಳು. ಸೆರಗಿನ ಗಂಟು ಬಿಚ್ಚಿ ಆ ನಾಲ್ಕು ಬೆರಳ ದಾರ ತೆಗೆದು ಮಾವನ ಕೈಗೆ ಕೊಟ್ಟಳು. "ನೀವು ಬಂದ ದಾರಿ ಮ್ಯಾಲ ಇದನ್ನ ಇಡ್ರಿ, ನೋಡೂಣು."

ಮಾವನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಊರುಗಳ ಹೆಸರು ಓದುತ್ತ ಹೋದೆ, ಅವನು ದಾರ ಇಡುತ್ತ ಹೋದ. ರಂಗೂನಿನಿಂದ ನದಿಯ ಗುಂಟ ಮೇಲಕ್ಕೆ. ಅಲ್ಲಿಂದ ಪಡುವಣದ ಗುಡ್ಡಕ್ಕೆ. ಅಲ್ಲಿ ಕಾಲರಾ ಎಂದು ದಾರಿ ಮುಚ್ಚಿದ್ದರು, ವಾಪಸ್ ನದಿಗೆ. ದಾರ ಮುಗಿಯಿತು. ಅಕ್ಕ ಕೌದಿಯ ದಾರದ ಉಂಡೆ ತಂದು ಕೊಟ್ಟಳು. ಮತ್ತೆ ಮೇಲಕ್ಕೆ, ಮಂಡಾಲೆಯವರೆಗೆ. ದೋಣಿಗಾಗಿ ಹನ್ನೆರಡು ದಿನ ದಂಡೆಯಲ್ಲಿ. ಮತ್ತೊಂದು ನದಿ. ಒಂದು ಗುಡ್ಡ ಹತ್ತಿ ಇಳಿದರೆ ಇನ್ನೊಂದು, ಅದನ್ನು ಇಳಿದರೆ ಮಗದೊಂದು. ಅಷ್ಟರಲ್ಲಿ ಮಳೆ. ದಾರಿ ಕೆಸರು. ಜ್ವರ. ಅಸ್ಸಾಮಿನ ಒಂದು ಚಹಾ ತೋಟದ ಆಸ್ಪತ್ರೆಯಲ್ಲಿ ಮೂರು ತಿಂಗಳು. ದಾರದ ಉಂಡೆ ಉರುಳುತ್ತ ಉರುಳುತ್ತ ಕರಗಿತು.

"ಮಾಸ್ತರ, ಆ ದೇಶ ಹೆಂಗೈತಿ ಅಂದ್ರ" ಎಂದ ಮಾವ, ಬೈಗುಳವಿಲ್ಲದ ದನಿಯಲ್ಲಿ, "ಅಲ್ಲಿ ಸಂತಿ, ಮದುವಿ, ಎಲ್ಲಾ ಹೊಳಿ ಹರದಂಗ ಹೋಗ್ತಾವ. ಮನಿ ಸುದ್ದಾ ಕಂಬದ ಮ್ಯಾಲ, ಕೆಳಗ ನೀರು. ನಮ್ಮಲ್ಲಿ ಬಂಡಿ ಇದ್ದಂಗ ಅಲ್ಲಿ ದೋಣಿ. ಗುಡ್ಡದಾಗಿನವರ ಮಾತು ಬಯಲಿನವರಿಗೆ ತಿಳಿಯಂಗಿಲ್ಲ. ಗುಡ್ಡ ದಾಟಿ ಈ ಕಡೆ ಯಾರೂ ಬರಂಗಿಲ್ಲಪಾ, ಬರೋ ಜರೂರನ ಇಲ್ಲ. ನಾವು ಅಡ್ಡ ಬಂದ್ವಿ."

ಬೆಟ್ಟಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ನಿಂತಿವೆ. ಸಾವಿರ ಸಲ ಒಪ್ಪಿಸಿದ ಆ ಮೊದಲ ವಾಕ್ಯ ಆಗ ನನಗೆ ತಿಳಿಯಿತು. ಪಡುವಣಕ್ಕೆ ನಡೆಯುವವನು ಪ್ರತಿಯೊಂದು ಸಾಲನ್ನೂ ಹತ್ತಿ ಇಳಿಯಬೇಕು.

"ಮಳಿ ಎಲ್ಲೈತಿ ಇದರಾಗ?" ಎಂದು ಮಾವ ನಕ್ಷೆಯ ಮೇಲೆ ಬೆರಳಾಡಿಸಿ ಕೇಳಿದ.

"ಬರದಿಲ್ಲ ಮಾವ" ಎಂದೆ.

ಅವನು ಸೊಂಟದಲ್ಲಿ ಕಟ್ಟಿಕೊಂಡು ತಂದಿದ್ದು ಈ ಅರಗಿನ ಡಬ್ಬಿ ಒಂದನ್ನೇ. ಬಿದಿರಿನ ಮೇಲೆ ಮರದ ಅಂಟು ಬಳಿದು ಮಾಡಿದ್ದು, ನೀರು ಇಳಿಯುವುದಿಲ್ಲ. ಆ ಮಳೆಯಲ್ಲೆಲ್ಲ ಕಡ್ಡಿಪೆಟ್ಟಿಗೆಯನ್ನು ನೆನೆಯದಂತೆ ಇಟ್ಟಿದ್ದು ಅದೇ. ಅದನ್ನು ನನಗೆ ಕೊಟ್ಟ. ಕೊಟ್ಟಾಗ ಅಕ್ಕ ಕೌದಿಯ ದಾರವನ್ನೆಲ್ಲ ಮತ್ತೆ ಉಂಡೆ ಸುತ್ತಿಕೊಂಡು, ನನ್ನ ನಾಲ್ಕು ಬೆರಳ ತುಂಡನ್ನು ಮಾತ್ರ ಆ ಡಬ್ಬಿಯಲ್ಲಿ ಹಾಕಿದಳು.

"ಇಟ್ಕೋ ತಮ್ಮಾ. ಪಾಠ ಹೇಳೋಮುಂದ ಒಮ್ಮೆ ತಗದು ನೋಡು" ಎಂದಳು. ಅವಳ ಕೈಯಲ್ಲಿ ಹಸಿರು ಬಳೆ ಗಲಗಲ ಎನ್ನುತ್ತಿದ್ದವು.

ಎಷ್ಟೋ ವರ್ಷದ ಮೇಲೆ ಜವಳಗೇರಾಕ್ಕೂ ಕಾಲುವೆ ಬಂತು. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತ, ದೂರದ ಊರಿನಿಂದ ನಾಟಿಗೆ ಬರುವ ಆಳುಗಳು, ಅಕ್ಕಿ ಗಿರಣಿ. ಆದರೂ ಮಾವ ಕೊನೆಯ ತನಕ ರೊಟ್ಟಿಯನ್ನೇ ತಿಂದ. ಅಕ್ಕ ಅವನಿಗಿಂತ ಮೊದಲು ಹೋದಳು, ಕೈತುಂಬ ಬಳೆಯೊಂದಿಗೆ. ಅವಳನ್ನು ಹೂವಿನಿಂದ ಸಿಂಗರಿಸಿ ಕೂರಿಸಿದಾಗ ನಾನು ಆ ಕೈಗಳನ್ನೇ ನೋಡುತ್ತಿದ್ದೆ. ಇಡೀ ಜನ್ಮದಲ್ಲಿ ನಾನು ಹೇಳಿದ ಒಂದೇ ಒಂದು ಸರಿಯಾದ ಪಾಠ ಆ ಮಧ್ಯಾಹ್ನ ಪಡಸಾಲೆಯಲ್ಲಿ ಹೇಳಿದ್ದು.

ಮೊಮ್ಮಗಳು ಇನ್ನೂ ಸೂಜಿ ಹಿಡಿದು ನಿಂತಿದ್ದಾಳೆ. "ಅಜ್ಜಾ, ಗುಂಡಿ ಹಚ್ಚಾಕ ಬ್ಯಾರೆ ದಾರ ಎಷ್ಟೊತ್ತಿಗೆ ತರಿಸ್ತಿ?" ಎಂದು ಕೇಳುತ್ತಿದ್ದಾಳೆ. ಅಂಗಡಿ ನಮ್ಮ ಓಣಿಯ ತುದಿಯಲ್ಲೇ ಇದೆ, ಇಲ್ಲಿಂದಲೇ ಕಾಣುತ್ತದೆ.

"ಗೊತ್ತಿಲ್ಲವ್ವಾ" ಎಂದೆ.